ಅತ್ತೆಯ ಮಾತ್ರೆ, ಅತ್ತೆಯ ಏಣಿ

ಅತ್ತೆ,

ನಿಮ್ಮ ಮಗರಾಯ ನಿನ್ನೆ ತಂದ ಎದೆಯುರಿ ಮಾತ್ರೆ ಮುಟ್ಟಬೇಡಿ. ಡಬ್ಬಿಯ ಬಣ್ಣ ನೋಡಿ ತಂದಿದ್ದಾರೆ, ಮೇಲೆ ಬರೆದದ್ದನ್ನು ಓದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ಹೆಸರಿಗೂ ಇಲ್ಲ. ನೀವು ದಿನಾ ತಿನ್ನುವುದನ್ನೇ ತಂದು ಊಟದ ಮೇಜಿನ ಮೇಲಿಟ್ಟಿದ್ದೇನೆ.

ಊಟದ ಜೊತೆಗೇ ಜಗಿಯಿರಿ. ಬೆಳಗಿನ ಥೈರಾಯ್ಡ್ ಮಾತ್ರೆಯ ಜೊತೆ ಮಾತ್ರ ಬೇಡ, ಅದರ ಕೆಲಸ ಕೆಡುತ್ತದಂತೆ. ರುಚಿಯಾಗಿದೆ ಅಂತ ಡಾಕ್ಟರು ಹೇಳಿದ್ದಕ್ಕಿಂತ ಒಂದೂ ಹೆಚ್ಚು ಬೇಡ. ನಿಮ್ಮ ಬಾಯಿಚಪಲ ನನಗೆ ಗೊತ್ತಿಲ್ಲವೇ?

ಹೆಬ್ಬೆರಳ ಗಾತ್ರದ ಆ ಕ್ಯಾಲ್ಸಿಯಂ ಗುಳಿಗೆಗಳನ್ನು ನೀವು ಕದ್ದುಮುಚ್ಚಿ ಹೂಕುಂಡಕ್ಕೆ ಹಾಕುತ್ತಿದ್ದದ್ದು ಕಂಡಾಗ ನನಗೆ ಮೈಯೆಲ್ಲ ಉರಿದಿತ್ತು. ಆದರೆ ಡಾಕ್ಟರ ಮುಂದೆ ಈ ಎದೆಯುರಿ ಮಾತ್ರೆಯ ಡಬ್ಬಿ ಇಟ್ಟು, "ನುಂಗೋದು ನನ್ನಿಂದಾಗಲ್ಲ. ಇದರಲ್ಲೂ ಅದೇ ಸುಣ್ಣ ತಾನೇ? ಇದನ್ನಾದ್ರೆ ಜಗೀತೀನಿ" ಅಂದಿರಲ್ಲ! ಅವರು ತಿರುಗಿಸಿ ತಿರುಗಿಸಿ ಓದಿ, "ಆಗಬಹುದಮ್ಮ" ಅಂದರು. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ನೀವು ಗೆದ್ದವರ ಹಾಗೆ ನನ್ನ ಕಡೆ ನೋಡಿದಿರಿ. ನಾನಾಗಿದ್ದರೆ ತಲೆಯಾಡಿಸಿ ಮನೆಗೆ ಬಂದು, ಹೂಕುಂಡದ ಹಾದಿಯನ್ನೇ ಹಿಡಿಯುತ್ತಿದ್ದೆ.

ಕೈಯ ಪಟ್ಟಿ ಬಿಚ್ಚಿದಾಗಿನಿಂದ ನಿಮ್ಮ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ದರ್ಜಿ ಅಂಗಡಿಯ ಬೋರ್ಡಿನಲ್ಲಿ ನೀವು ಬರೆಯುತ್ತಿದ್ದ ಮೇಲಿನ ಸಾಲು ಅರ್ಧಕ್ಕೇ ನಿಂತಿದೆ, ಬೇರೆ ಪೇಂಟರನ್ನು ಕರೆಯಲು ಅಂಗಡಿಯವರಿಗೂ ಮನಸ್ಸಿಲ್ಲ. ಎಲ್ಲ ಗೊತ್ತು. ಆದರೂ ಏಣಿಗಾಗಿ ಮನೆಯೆಲ್ಲ ಜಾಲಾಡಬೇಡಿ, ಪಕ್ಕದ ಮನೆಯಲ್ಲಿಟ್ಟಿದ್ದೇನೆ.

ಸಂಜೆ ಡ್ಯೂಟಿ ಮುಗಿಸಿ ನಾನೇ ಹೊತ್ತು ತರುತ್ತೇನೆ. ನೀವು ಹತ್ತಿ ಬರೆಯಿರಿ. ಕೆಳಗೆ ನಾನು ಹಿಡಿದುಕೊಂಡಿರುತ್ತೇನೆ.