ಖಂಡೆ ಪೂಜೆಗಿಟ್ಟ ಕುರ್ಚಿ

ಖಾನಾಪುರ
೯ ಅಕ್ಟೋಬರ್ ೨೦೨೫, ಗುರುವಾರ ಮಧ್ಯಾಹ್ನ

ಪ್ರೀತಿಯ ಪಪ್ಪಾ,

ಮೊದಲು ನಿಮ್ಮ ಸೊಂಟ ಹೇಗಿದೆ ಹೇಳಿ. ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀರಾ, ಇಲ್ಲಾ ಅದು ಇನ್ನೂ ಕಪಾಟಿನ ಹಿಡಿಕೆಗೇ ನೇತಾಡುತ್ತಿದೆಯಾ? ಮಮ್ಮಿ ಬಿಪಿ ಗುಳಿಗೆ ತಪ್ಪಿಸುತ್ತಿಲ್ಲ ತಾನೇ? ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ ಎಷ್ಟು ಚೆನ್ನಾಗಿ ಎಂದರೆ, ಮದುವೆಯ ಬ್ಲೌಸುಗಳಲ್ಲಿ ಮೂರರ ಹೊಲಿಗೆ ಬಿಚ್ಚಿಸಿದ್ದೇನೆ! ಇಲ್ಲಿ ದಿನಾ ಹಾಲು, ಮೊಸರು, ಬೆಣ್ಣೆ, ಮೇಲೆ ಅತ್ತೆಯ ಕೈಯ ರೊಟ್ಟಿ. ಜೊತೆಗೆ ಪ್ರಸಾದ. (ಗಂಡನ ಹೆಸರು ಹಾಗೆಲ್ಲ ಹೇಳಬಾರದೆಂದು ಮಮ್ಮಿ ಮದುವೆಯ ದಿನವೇ ಕಿವಿಯಲ್ಲಿ ಊದಿದ್ದಳು. ಅವಳಿಗೆ ಹೇಳಿ: ಪ್ರಸಾದ, ಪ್ರಸಾದ, ಬಸವಪ್ರಸಾದ!)

ಇಪ್ಪತ್ತಾರು ಕಿಲೋಮೀಟರ್ ದೂರಕ್ಕೆ ಯಾರಾದರೂ ಪತ್ರ ಬರೆಯುತ್ತಾರಾ ಎಂದು ನಗಬೇಡಿ. ಮೊನ್ನೆ ಫೋನಿನಲ್ಲಿ ನೀವು ನನಗೆ ಒಂದು ವಾಕ್ಯವನ್ನೂ ಮುಗಿಸಲು ಬಿಡಲಿಲ್ಲ. “ಬ್ಯಾಗಿನ್ಯಾಗ ಅರಬಿ ತುಂಬ್ಕೊಂಡ ತಯಾರ ಇರು, ರವಿವಾರ ಕಾರ್ ತಗೊಂಡ ಬರ್ತೇನಿ. ನನ್ನ ಮಗಳನ್ನ ನೆಲದ ಮ್ಯಾಲೆ ತೆವಳಿಸಿದ ಮನ್ಯಾಗ ಇನ್ನೊಂದ ದಿನಾ ಇಡೂದಿಲ್ಲ” ಎಂದು ಗುಡುಗಿ ಫೋನು ಇಟ್ಟೇಬಿಟ್ಟಿರಿ. ಪತ್ರವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಪ್ರಸಾದ ವರ್ಕ್‌ಶಾಪಿಗೆ ಪೈಪು ತರಲು ಉದ್ಯಮಬಾಗಕ್ಕೆ ಬರುತ್ತಾನೆ, ಹಾಗೇ ಅನಗೋಳದ ನಮ್ಮ ಮನೆಗೆ ಬಂದು ಇದನ್ನು ನಿಮ್ಮ ಕೈಯಲ್ಲಿ ಕೊಡುತ್ತಾನೆ. ಅವನಿಗೆ ಚಹಾ ಕೊಡಿ. ಆ ನಿಮ್ಮ ಹೆಡ್‌ಮಾಸ್ಟರ್ ಮುಖ ಮಾತ್ರ ಮಾಡಬೇಡಿ, ಪಾಪ, ಅವನು ಹೆದರುತ್ತಾನೆ.

ಪೀರನವಾಡಿಯ ಕಾಡವ್ವ ನಿಮ್ಮ ಮನೆಗೆ ಬಂದು ಏನೇನು ಹೇಳಿದಳೋ ನನಗೆ ಗೊತ್ತಿಲ್ಲ. ಪ್ರಸಾದನ ಸೋದರತ್ತೆ ಆಕೆ, ಕಥೆ ಹೇಳುವುದರಲ್ಲಿ ನಿಪುಣೆ. ಆದರೆ ಆಕೆ ಹೇಳಿದ್ದು ಸುಳ್ಳಲ್ಲ. ಖಂಡೆ ನವಮಿಯ ದಿನ, ಆಯುಧ ಪೂಜೆಗೆಂದು, ನನ್ನ ಗಾಲಿಕುರ್ಚಿಯನ್ನು ನನ್ನಿಂದ ತೆಗೆದಿಟ್ಟಿದ್ದು ನಿಜ. ಬಂದ ಮಂದಿಯ ಮುಂದೆ ನಾನು ನೆಲದ ಮೇಲೆ ತೆವಳಿದ್ದೂ ನಿಜ. ಆದರೆ ನನ್ನನ್ನು ಯಾರೂ ತೆವಳಿಸಲಿಲ್ಲ ಪಪ್ಪಾ, ನಾನೇ ತೆವಳಿದೆ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂದು ಹೇಳಲಿಕ್ಕೇ ಇಷ್ಟು ಕಾಗದ.

ನಮ್ಮ ಮನೆಯ ಖಂಡೆ ಪೂಜೆ ನಿಮಗೆ ಗೊತ್ತೇ ಇದೆ. ಸ್ಕೂಟರಿಗೊಂದು ಹಾರ, ಕಾರಿಗೊಂದು ಹಾರ, ಕಾಯಿ ಒಡೆದು ಐದೇ ನಿಮಿಷಕ್ಕೆ ಊರೆಲ್ಲ ಒಂದು ರೌಂಡು. ಇಲ್ಲಿ ಹಾಗಲ್ಲ. ಇಲ್ಲಿ ಪೂಜೆಗೆ ಕೂತ ಸಾಮಾನು ಮರುದಿನ ಸಂಜೆ ಬನ್ನಿ ಹಂಚುವವರೆಗೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ವರ್ಷವಿಡೀ ದುಡಿದ ಕುಡುಗೋಲಿಗೆ ಒಂದೂವರೆ ದಿನದ ರಜೆ! ಕೊಡಲಿ ಮುಟ್ಟುವಂತಿಲ್ಲ, ಟ್ರ್ಯಾಕ್ಟರ್ ಹೊರಡುವಂತಿಲ್ಲ, ಅತ್ತೆಯ ಹೊಲಿಗೆ ಯಂತ್ರವೂ ಸುಮ್ಮನೆ ಕೂತಿರಬೇಕು. ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಹಿಂದಿನ ದಿನ ನಾನೇ ಕೂತು ಚೆಂಡು ಹೂವಿನ ಹಾರ ಕಟ್ಟಿದೆ. ಯಾರ ಕೊರಳಿಗೆ ಕಟ್ಟುತ್ತಿದ್ದೇನೆ ಎಂದು ನನಗೇನು ಗೊತ್ತು!

ನವಮಿಯ ದಿನ ಪ್ರಸಾದ ಬೆಳಗಾಗುತ್ತಲೇ ವರ್ಕ್‌ಶಾಪಿನ ಪೂಜೆಗೆ ಹೋದ. ನಾನು ಜಳಕ ಮಾಡಿ ಮಂಚದ ಮೇಲೆ ಕೂತು ಇಳಕಲ್ಲ ಸೀರೆಯ ನೆರಿಗೆಯ ಜೊತೆ ಯುದ್ಧ ಮಾಡುತ್ತಿದ್ದೆ. ಅತ್ತೆ ಶಿವಬಸವ್ವ ಬಾಗಿಲಲ್ಲಿ ಇಣುಕಿ, “ಸೃಷ್ಟಿ, ಗಾಡಿ ಒಂದೀಟ ಒರಸ್ತೇನಿ ಕೊಡು” ಎಂದು ಕುರ್ಚಿಯನ್ನು ತಳ್ಳಿಕೊಂಡು ಹೋದರು. ಒರೆಸಲಿ ಎಂದು ಸುಮ್ಮನಿದ್ದೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಗಂಟೆಯ ಸದ್ದು, ಊದಿನಕಡ್ಡಿಯ ವಾಸನೆ. ನಿಮ್ಮ ಹತ್ತಿರ ನಾಚಿಕೆ ಏನು ಪಪ್ಪಾ, ನನಗೆ ಬಚ್ಚಲಿಗೆ ಹೋಗಬೇಕಿತ್ತು. ಕೂಗಿದೆ. ಅತ್ತೆ ಬಂದರು. ಮುಖದಲ್ಲಿ ಎಂಥ ಬೆಳಕು ಅಂತೀರಿ! ಬಾಗಿಲ ಪರದೆ ಸರಿಸಿ, “ಇಲ್ಲಿಂದನ ನೋಡು, ಹೆಂಗ ಕಾಣ್ತೈತಿ” ಅಂದರು.

ಪಡಸಾಲೆಯ ನಟ್ಟನಡುವೆ, ರಂಗೋಲಿಯ ಮೇಲೆ, ಎರಡು ಕಬ್ಬಿನ ಗಳದ ಅಡಿಯಲ್ಲಿ ನನ್ನ ಕುರ್ಚಿ! ಎಡಕ್ಕೆ ಕುಡುಗೋಲು, ಕೊಡಲಿ, ನೇಗಿಲ ಗುಳ, ಬಲಕ್ಕೆ ತಕ್ಕಡಿ ಮತ್ತು ಹೊಲಿಗೆ ಯಂತ್ರ. ಬೆನ್ನಿಗೆ ಮೂರು ಬೆರಳ ವಿಭೂತಿ, ಹಿಡಿಕೆಗಳಿಗೆ ನಾನೇ ಕಟ್ಟಿದ ಹಾರ, ಎರಡು ದೊಡ್ಡ ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು. ನಾನು ಕೂರುವ ಸೀಟಿನ ಮೇಲೆ ಕಲಶ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಕಡ್ಡಿಯನ್ನೂ ತಿಕ್ಕಿ ತಿಕ್ಕಿ ಹೊಸ ಬೆಳ್ಳಿಯಂತೆ ಮಾಡಿದ್ದರು. “ಟ್ರ್ಯಾಕ್ಟರಿಗಿಂತ ಮೊದಲ ನಿನ್ನ ಗಾಡಿಗೇ ಆರತಿ ಮಾಡೇನಿ ನೋಡು” ಅಂದರು. ಪಪ್ಪಾ, ನಮ್ಮ ಮನೆಗೆ ಯಾರಾದರೂ ಬಂದರೆ ನೀವು ಇದೇ ಕುರ್ಚಿಯನ್ನು ಒಳಗಿನ ಕೋಣೆಗೆ ತಳ್ಳಿ ನನ್ನನ್ನು ಸೋಫಾದ ಮೇಲೆ ಕೂರಿಸುತ್ತಿದ್ದಿರಿ, ನೆನಪಿದೆಯಾ? ಇಲ್ಲಿ ಅದು ದೇವರ ಸಾಲಿನಲ್ಲಿ ಕೂತಿತ್ತು.

ಆದರೆ ಬಚ್ಚಲು ಬಚ್ಚಲೇ. ಕುರ್ಚಿ ಕೊಡ್ರಿ ಅತ್ತಿ ಅಂದೆ. ಅವರು ನನ್ನನ್ನು ಎಳೆ ಕೂಸನ್ನು ನೋಡುವಂತೆ ನೋಡಿ, “ಈಗ ಹೆಂಗ ಕೊಡಾಕ ಬರ್ತೈತಿ? ನಾಳಿ ಸಂಜಿಗೆ ಬನ್ನಿ ಕೊಟ್ಟ ಮ್ಯಾಲೆ ತಗಿಯೂದು” ಅಂದರು. ಅಲ್ಲಿಯವರೆಗೆ ನಾನು? “ನಾವಿಲ್ಲೇನ? ಬಚ್ಚಲಕ್ಕ, ಊಟಕ್ಕ ಎಲ್ಲಾದಕ್ಕೂ ನಾ ಎತ್ಕೊಂಡ ಹೋಗ್ತೇನಿ. ಹಿಂಜಿದ ಹತ್ತಿ ಇದ್ದಂಗ ಅದಿ, ನೀ ಏನ ಭಾರ!” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಯೇಬಿಟ್ಟರು. ಅವರ ಹಿಂದೆ ಕಾಡವ್ವ, ಅರಿಶಿನ ಕುಂಕುಮಕ್ಕೆ ಬಂದಿದ್ದ ಬಾಜೂ ಮನೆಯ ಮರಾಠಿ ಕಾಕು. ಆರು ಕೈಗಳು ನನ್ನ ಕಡೆ ಚಾಚಿ ನಿಂತವು. ಎಲ್ಲವೂ ಪ್ರೀತಿಯ ಕೈಗಳೇ, ಅದೇ ತೊಂದರೆ. ಸಿಟ್ಟಿನಿಂದ ಎತ್ತಲು ಬಂದವರನ್ನಾದರೆ ಕಚ್ಚಬಹುದು.

ಕುರ್ಚಿ ಎಂದರೆ ಸಾಮಾನಲ್ಲ, ನನ್ನ ಕಾಲು ಎಂದು ಹೇಳಿದೆ. “ಅದಕ್ಕs ಪೂಜಾ ಮಾಡೂದು” ಎಂದು ಕಾಡವ್ವ ನನಗೇ ತಿರುಗಿಸಿದಳು. ನೀವಾಗಿದ್ದರೆ ಒಂದು ಭಾಷಣ ಮಾಡುತ್ತಿದ್ದಿರಿ. ನನಗೆ ಅಷ್ಟು ಪುರುಸೊತ್ತಿರಲಿಲ್ಲ. ಎತ್ತಬ್ಯಾಡ್ರಿ ಎಂದು ಕೈ ಅಡ್ಡ ಹಿಡಿದು, ಮಂಚದಿಂದ ನೆಲಕ್ಕೆ ಜಾರಿ, ಅಂಗೈ ಊರಿ ಹೊರಟೆ. ಹುಟ್ಟಿದಾಗಿನಿಂದ ಈ ಕಾಲು ನಡೆದಿಲ್ಲವಾದರೂ ತೋಳು ಸುಮ್ಮನೆ ಕೂತಿಲ್ಲವಲ್ಲ! ಕೈ ಊರು, ಸೊಂಟ ಎಳೆ, ಕೈ ಊರು, ಸೊಂಟ ಎಳೆ. ಹೊಸ ಇಳಕಲ್ಲ ಸೀರೆ ಇಡೀ ಪಡಸಾಲೆಯನ್ನು ಸಾರಿಸಿತು. ಕಾಕು “ಅಗಂ ಬಾಯಿ!” ಎಂದು ಬಾಯಿಗೆ ಕೈ ಇಟ್ಟುಕೊಂಡರು. ನನಗೆ ನಾಚಿಕೆಯಾಯಿತಾ? ಮೊದಲ ಎರಡು ಮಾರು ಆಯಿತು. ಆಮೇಲೆ, ನಾನೇ ಹೊರಟಿದ್ದೇನೆ, ನಾನು ಹೋಗಬೇಕೆಂದ ಕಡೆಗೇ ಹೋಗುತ್ತಿದ್ದೇನೆ ಎಂದು ಅನ್ನಿಸಿದ ಮೇಲೆ, ಇಲ್ಲ. ರಂಗೋಲಿ ದಾಟಿದೆ. ಕಲಶವನ್ನು ಎರಡೂ ಕೈಯಿಂದ ಎತ್ತಿ, ಕಣ್ಣಿಗೊತ್ತಿಕೊಂಡು, ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟೆ. ಹಿಡಿಕೆ ಹಿಡಿದು ಒಂದೇ ದಮ್ಮಿಗೆ ಮೇಲೆ ಏರಿ ಕೂತೆ. ಹಾರ ಕೊರಳಿಗೆ ಬಂತು. ಬಚ್ಚಲಿನ ಕಡೆಗೆ ಗಾಲಿ ತಿರುಗಿಸಿದೆ, ನಿಂಬೆಹಣ್ಣು ಚಪ್ ಎಂದು ಒಡೆದು ಕಾಡವ್ವನ ಸೀರೆಗೆ ಹಾರಿತು.

“ದೇವರನ್ನ ಎಬ್ಬಿಸಿ ತಾ ಕುಂತಳಲ್ಲವ್ವ ಇಕಿ!” ಎಂದು ಆಕೆ ಹಣೆ ಬಡಿದುಕೊಂಡಳು. ನನ್ನ ಬಾಯಿ ನಿಮಗೆ ಗೊತ್ತಲ್ಲ. “ಹಂಗಾರ ನಿಮ್ಮ ಕಿವಿ ಮಷೀನೂ ತಗದ ಇಡ್ರಿ, ಅದೂ ಯಂತ್ರನ ಐತಲ್ಲ. ನಾಳಿ ಸಂಜಿ ತನಕಾ ನಾವು ಕೈ ಮಾಡಿ ಮಾತಾಡ್ತೇವಿ” ಎಂದೆ. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮಾವ ಗುರುಪುತ್ರಪ್ಪ ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ. ಪೇಪರ್ ಕೆಳಗಿಳಿಸದೆಯೇ, “ತಗೀ ಕಾಡವ್ವ, ಕುಂಕುಮ ನಾ ಹಚ್ತೇನಿ” ಅಂದರು. ಕಾಕು ನಕ್ಕೇ ನಕ್ಕರು. ಕಾಡವ್ವ ಹೋಳಿಗೆ ಊಟಕ್ಕೂ ನಿಲ್ಲದೆ ಪೀರನವಾಡಿಯ ಬಸ್ಸು ಹತ್ತಿದಳು. ಅಲ್ಲಿಂದ ಅನಗೋಳ ಎಷ್ಟು ದೂರ ಹೇಳಿ!

ಅತ್ತೆ ಮಾತ್ರ ನಗಲಿಲ್ಲ. ಇಡೀ ದಿನ ನನ್ನೊಡನೆ ಮಾತಾಡಲಿಲ್ಲ. ತಟ್ಟೆ ತಂದಿಟ್ಟರು, ನೀರು ತಂದಿಟ್ಟರು, ತುಪ್ಪ ಎಂದಿಗಿಂತ ಜಾಸ್ತಿಯೇ ಬಡಿಸಿದರು. ಅದು ನನಗೆ ಕಾಡವ್ವನ ಕೂಗಿಗಿಂತ ಹೆಚ್ಚು ಚುಚ್ಚಿತು. ಪ್ರಸಾದ ಬಂದು ಎಲ್ಲ ಕೇಳಿಕೊಂಡು, “ಅವ್ವಂದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ” ಅಂದ. ಇಂಥ ಉತ್ತರ ಕೊಡಲು ಗಂಡಸರಿಗೆ ಎಲ್ಲಾದರೂ ಟ್ರೇನಿಂಗ್ ಕೊಡುತ್ತಾರಾ? ಆ ರಾತ್ರಿ ಅವನ ಜೊತೆಯೂ ನನ್ನ ಮಾತಿಲ್ಲ. (ಮುಂಜಾನೆಯ ಚಹಾದವರೆಗೆ ಮಾತ್ರ. ಅಷ್ಟಕ್ಕಿಂತ ಹೆಚ್ಚು ಹೊತ್ತು ಅವನ ಮೇಲೆ ಸಿಟ್ಟು ನಿಲ್ಲುವುದಿಲ್ಲ, ಏನು ಮಾಡಲಿ!)

ಮರುದಿನ ಸಂಜೆ ಓಣಿಯೆಲ್ಲ ತಿರುಗಿ ಬನ್ನಿ ಕೊಟ್ಟು ಬಂದೆ, ನನ್ನ ಗಾಲಿಯ ಮೇಲೆ. ಇಲ್ಲಿನ ಕೆಂಪು ಮಣ್ಣಿನಲ್ಲಿ ಮುಂದಿನ ಚಿಕ್ಕ ಚಕ್ರ ಹೂತುಕೊಳ್ಳುತ್ತದೆ ಎಂದು ಪ್ರಸಾದ ದಪ್ಪ ಚಕ್ರ ಹಾಕಿಕೊಟ್ಟಿದ್ದಾನೆ, ಈಗ ಅಡ್ಡಿಯಿಲ್ಲ. ಕೊನೆಗೆ ಅಡುಗೆಮನೆಗೆ ಬಂದು ಅತ್ತೆಯ ಕೈಗೆ ಎಲೆ ಇಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದೆ. ಅವರು ಎಲೆಯನ್ನೇ ನೋಡುತ್ತ ನಿಂತು, “ನಿನ್ನ ನೆಲದ ಮ್ಯಾಲೆ ನೋಡಿ ನನ್ನ ಜೀವಾ ಹೋತು. ನಾ ಹಂಗ ಮಾಡಬೇಕಂತ ಮಾಡಲಿಲ್ಲ ನನ್ನವ್ವ” ಅಂದರು. ಗೊತ್ತೈತ್ರಿ ಅಂದೆ. ಇಬ್ಬರೂ ಅತ್ತೆವು. ಆಮೇಲೆ ಮೂಗು ಒರೆಸಿಕೊಂಡು ಅವರೇ ವ್ಯಾಪಾರಕ್ಕಿಳಿದರು: ಮುಂದಿನ ವರ್ಷ ನಾನು ಕೂತಿರುವಾಗಲೇ ಕುರ್ಚಿಗೆ ಪೂಜೆ, ಹದಿನೈದು ನಿಮಿಷ ಅಳ್ಳಾಡಬಾರದು. ನಾನು ಐದು ಅಂದೆ. ಹತ್ತು ಅಂದರು. ಏಳಕ್ಕೆ ಮುಗಿಯಿತು. ನಿಂಬೆಹಣ್ಣು ಮಾತ್ರ ಅವರು ಹೇಳಿದಾಗಲೇ ತುಳಿಯಬೇಕಂತೆ.

ಈಗ ಹೇಳಿ ಪಪ್ಪಾ, ಇಂಥ ಮನೆಯಿಂದ ನನ್ನನ್ನು ಯಾಕೆ ಕರೆದುಕೊಂಡು ಹೋಗುತ್ತೀರಿ? ಅತ್ತೆ ಅಂದು ಮಾಡಲು ಹೊರಟಿದ್ದನ್ನೇ ನೀವು ಇಪ್ಪತ್ತನಾಲ್ಕು ವರ್ಷ ಮಾಡಿದಿರಿ. ಬೈಯುತ್ತಿಲ್ಲ. ಆರನೆಯ ಕ್ಲಾಸಿನಲ್ಲಿ ಕೋಟೆಯ ಬಸದಿಗೆ ಟ್ರಿಪ್ ಹೋದಾಗ ನೀವು ರಜೆ ಹಾಕಿ ಬಂದು ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದಿರಿ. ಎಲ್ಲ ಹುಡುಗಿಯರಿಗೂ ನನ್ನ ಮೇಲೆ ಹೊಟ್ಟೆಕಿಚ್ಚು. ಆದರೆ ಚಾವಣಿಯ ಕಲ್ಲಿನ ಕಮಲವನ್ನು ಇನ್ನೂ ಸ್ವಲ್ಪ ಹೊತ್ತು ನೋಡುತ್ತೇನೆ ಎಂದು ನಾನು ಬೇಡುತ್ತಿದ್ದಾಗ ನೀವು ತಡವಾಯಿತೆಂದು ಹೊರಗೆ ನಡೆದುಬಿಟ್ಟಿರಿ. ಕಾಲು ನಿಮ್ಮವು, ತೀರ್ಮಾನವೂ ನಿಮ್ಮದೇ. ಹೊತ್ತವರು ಎಷ್ಟೇ ಒಳ್ಳೆಯವರಾದರೂ ಅಷ್ಟೇ ಆಗುವುದು. ಈಗ ನಾನೂ ಪ್ರಸಾದನೂ ಊರೂರಿನ ಕ್ಯಾಂಪುಗಳಲ್ಲಿ ಪುಕ್ಕಟೆ ಹಂಚಿದ ಗಾಲಿಕುರ್ಚಿಗಳನ್ನು ಕತ್ತರಿಸಿ ಮಕ್ಕಳ ಅಳತೆಗೆ ಕೂರಿಸಿಕೊಡುತ್ತೇವೆ. ಏಳು ವರ್ಷದ ಕೂಸಿಗೂ ಎಪ್ಪತ್ತರ ಮುದುಕನಿಗೂ ಒಂದೇ ಸೈಜು ಕೊಟ್ಟಿರುತ್ತಾರೆ, ಕೂಸಿನ ಕೈ ಗಾಲಿಗೇ ಮುಟ್ಟುವುದಿಲ್ಲ. ಯಾರಾದರೂ ತಳ್ಳುತ್ತಾರಲ್ಲ ಬಿಡ್ರಿ ಅನ್ನುತ್ತಾರೆ ಅಪ್ಪಂದಿರು. ನಾನು ಟೇಪು ಹಿಡಿದು ಅವರ ಜೊತೆ ದಿನಾ ಜಗಳವಾಡುತ್ತೇನೆ. ಊರ ಅಪ್ಪಂದಿರ ಜೊತೆ ಜಗಳವಾಡಿ ನನ್ನ ಅಪ್ಪನನ್ನು ಬಿಟ್ಟರೆ ನ್ಯಾಯವಾ?

ಆದ್ದರಿಂದ ರವಿವಾರ ಬರಬೇಡಿ. ಬಂದರೆ ಬೀಗರ ಮನೆಯ ಊಟ ಉಂಡು ಹೋಗಬಹುದು, ನನ್ನನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ. ನಾನು ಅರಬಿ ತುಂಬಿಲ್ಲ, ತುಂಬುವುದೂ ಇಲ್ಲ. ಇದು ನನ್ನ ಮನೆ. ಇಲ್ಲಿನ ಜಗಳ ಆಡಲು ನನಗೆ ಬರುತ್ತದೆ.

ಮಮ್ಮಿಗೆ ಒಂದು ಗಟ್ಟಿ ಅಪ್ಪುಗೆ. ನಿಮಗೆ ನನ್ನ ಶರಣು, ಸಿಟ್ಟು ಇಳಿದ ಮೇಲೆ ತೆಗೆದುಕೊಳ್ಳಿ.

ನಿಮ್ಮ ಹಟಮಾರಿ,
ಸೃಷ್ಟಿ

ತಾ.ಕ. (ಶುಕ್ರವಾರ ಬೆಳಿಗ್ಗೆ): ಪ್ರಸಾದ ಹೊರಡಲು ಬೈಕ್ ಒರೆಸುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಅನಗೋಳದ ಮನೆಗೆ ಬಾಗಿಲ ಮುಂದೆ ಮೂರು ಮೆಟ್ಟಿಲು. ನಾಗರ ಪಂಚಮಿಗೆ ಬಂದಾಗ ನೀವು ಆ ಮೂರು ಮೆಟ್ಟಿಲು ನನ್ನನ್ನು ಎತ್ತಿಕೊಂಡು ಹತ್ತಿ ಎಂಟು ದಿನ ಹಾಸಿಗೆ ಹಿಡಿದಿರಿ. ನಮ್ಮ ಮೊದಲ ದೀಪಾವಳಿಗೆ ಮಗಳು ಅಳಿಯ ಬರಲೇಬೇಕು ಎಂದು ಮಮ್ಮಿ ದಿನಾ ಹೇಳುತ್ತಾಳೆ. ಬರುತ್ತೇವೆ. ನೀವು ಇದನ್ನು ಓದುವಾಗ ಎದುರಿಗೆ ಚಹಾ ಕುಡಿಯುತ್ತ ಕೂತವನಿಗೆ ಆ ಮೆಟ್ಟಿಲುಗಳನ್ನು ಅಳೆಯಲು ಬಿಡಿ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕು, ಮಮ್ಮಿಯ ಗುಲಾಬಿ ಕುಂಡಗಳನ್ನೆಲ್ಲ ಸರಿಸಬೇಕಾಗುತ್ತದೆ, ಹಬ್ಬಕ್ಕೆ ಮುಂಚೆ ಕಬ್ಬಿಣದ್ದೊಂದು ಮಾಡಿ ತಂದು ಕೂರಿಸುತ್ತಾನೆ. ನೀವು ಒಪ್ಪದಿದ್ದರೂ ಬರುತ್ತೇನೆ. ಆಗ ಆರತಿ ರಸ್ತೆಯಲ್ಲೇ ಆಗಲಿ, ಚಕ್ಕುಲಿ, ಉಂಡೆಯ ಫರಾಳದ ತಟ್ಟೆಯೂ ಅಲ್ಲಿಗೇ ಬರಲಿ, ಇಡೀ ಓಣಿ ನೋಡಲಿ. ಎತ್ತಿಕೊಳ್ಳಲು ಕೈ ಚಾಚಿದರೆ ಎರಡೂ ಬ್ರೇಕು ಹಾಕಿ ಕೂರುತ್ತೇನೆ ಪಪ್ಪಾ, ಹೇಳಿದ್ದೇನೆ.