ಡ್ರಾಫ್ಟಿನಲ್ಲಿದ್ದ ಹನ್ನೊಂದು ದಿನ

ಮಾರ್ಚ್ 4, ಸಂಜೆ

ಎರಡು ಹೊಲಿಗೆ ಮೆಷಿನ್ ಬಿಚ್ಚಿದೆ. ಒಂದು ಸರಿಹೋಯಿತು. ಇನ್ನೊಂದು ಮುನಿಸಿಕೊಂಡು ಕೂತಿದೆ. ಅದರ ಹೊಟ್ಟೆಯಿಂದ ಹೊರಟದ್ದು: ನೂಲಿನ ಉಂಡೆ, ಮುರಿದ ಸೂಜಿ, ಯಾವುದೋ ಮಗುವಿನ ಹಾಲುಹಲ್ಲು.

ಹಿಂದೆಯಾದರೆ ಇಷ್ಟಕ್ಕೇ ಒಂದು ಪೋಸ್ಟ್. ಸೈಬರ್ ಕೆಫೆಯಲ್ಲಿ ಅರ್ಧ ಗಂಟೆ, ಎರಡು ಬೆರಳಲ್ಲಿ ಕುಟ್ಟುತ್ತಿದ್ದೆ. ಬ್ಲಾಗಿನ ಮೂಲೆಯಲ್ಲಿ ಬಂದವರನ್ನು ಎಣಿಸುವ ಪುಟ್ಟ ಡಬ್ಬಿ. ಅರ್ಧ ಎಣಿಕೆ ನನ್ನದೇ. ನಿಜವಾಗಿ ಓದುತ್ತಿದ್ದವರು ಹದಿನಾಲ್ಕು ಮಂದಿ. ಮುಖ ಗೊತ್ತಿರಲಿಲ್ಲ, ಮಾತಿನ ಧಾಟಿ ಗೊತ್ತಿತ್ತು. ಅಲ್ಲಿ ನಾನು ‘ಬಾಬಿನ್’, ಮೆಷಿನ್ನಿನ ಅಡಿಯ ನೂಲುಸುರುಳಿ. ಮೊದಲ ಕಾಮೆಂಟು ಯಾವಾಗಲೂ ‘ಗೂಬೆ’ಯದು. ಗೂಬೆಯ ಚಿತ್ರ ಹಾಕಿಕೊಂಡಿದ್ದ, ಅದೇ ಹೆಸರಾಯಿತು. “ಇವತ್ತು ಕಥೆ ಬೇಗ ಮುಗಿಸಿದೆ, ಹೊಟ್ಟೆ ಹಸೀತಿತ್ತಾ?” ಎಂದು ಬರೆಯುತ್ತಿದ್ದ. ಹಸಿದೇ ಇರುತ್ತಿತ್ತು. ಹಾಗೆ ಓದುತ್ತಿದ್ದ ಪುಣ್ಯಾತ್ಮ.

ಈಗ ಎಲ್ಲರೂ ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತಾರೆ. ಹೋಗಲಿ.

ಮಾರ್ಚ್ 5, ಮಧ್ಯಾಹ್ನ

ಟೈಲರಮ್ಮ ಮೆಷಿನ್ ಒಯ್ಯಲು ಬಂದವರು ಫೋನು ಹಿಡಿದು ನಿಂತರು. “ನೋಡಿ ಅಣ್ಣಾ, ಈ ಮನುಷ್ಯ ಎಂಥ ಕಥೆ ಹೇಳ್ತಾನೆ! ಅತ್ತು ಅತ್ತು ಅಂಗಿ ತೋಳು ಉಲ್ಟಾ ಹೊಲಿದುಬಿಟ್ಟೆ.”

ವೀಡಿಯೊದ ಮೂಲೆಯಲ್ಲಿ ಅದೇ ಗೂಬೆ ಚಿತ್ರ. ಮುಖ ಕಂಡದ್ದು ಇವತ್ತೇ... ಬಿಳಿ ಗಡ್ಡ, ಜೇನಿನಂಥ ದನಿ. ಗಂಡನ ಮನೆ ಬಿಟ್ಟುಬಂದ ಹೆಣ್ಣಿನ ಕಥೆ. “ಮೆಷಿನ್ನಿನ ತಲೆಯನ್ನು ಹೊದಿಕೆಯಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಹೊರಟಳು.” ಹನ್ನೊಂದು ದಿನ ಹೊಲಿಗೆ ಶಾಲೆಯ ನೆಲದ ಮೇಲೆ ಮಲಗಿದಳು, ಆಮೇಲೆ ತಾನೇ ಹಿಂತಿರುಗಿದಳು.

ಆ ಹೆಣ್ಣು ನನ್ನ ತಂಗಿ. ಆ ವಾಕ್ಯ ನನ್ನದು.

ಯಾರಿಗೂ ತೋರಿಸಿರಲಿಲ್ಲ. ಬರೆದು ಬ್ಲಾಗಿನ ಡ್ರಾಫ್ಟಿನಲ್ಲಿ ಇಟ್ಟಿದ್ದೆ. ಪ್ರಕಟಿಸಲಿಲ್ಲ.

ಅದೇ ದಿನ, ಸಂಜೆ

ನೆನಪಾಯಿತು. ಟೈಫಾಯಿಡ್ ಬಂದು ತಿಂಗಳು ಮಲಗಿದ್ದೆ. ನಾನು ಒಪ್ಪಿಗೆ ಕೊಡದೆ ಕಾಮೆಂಟುಗಳು ಕಾಣುತ್ತಿರಲಿಲ್ಲ. ಪಾಪ, ಬರೆದವರು ಕಾಯಬಾರದೆಂದು ಗೂಬೆಗೆ ಪಾಸ್‌ವರ್ಡ್ ಕೊಟ್ಟೆ. ಎದ್ದ ಮೇಲೂ ಬದಲಾಯಿಸಲಿಲ್ಲ — ಅವನಿಗೆ ಬೇಜಾರಾದೀತು ಅಂತ! ಆಗ ನಾವೆಲ್ಲ ಹಾಗಿದ್ದೆವು. ಊರಿಗೆ ಹೋಗುವಾಗ ಪಕ್ಕದ ಮನೆಗೆ ಬೀಗದ ಕೈ ಕೊಡುವ ಹಾಗೆ.

ಪಕ್ಕದ ಮನೆಯವನು ಟ್ರಂಕು ತೆಗೆದಿದ್ದಾನೆ.

ಮಾರ್ಚ್ 7

ಅವನ ನಂಬರ್ ಹುಡುಕಿ ಫೋನು ಮಾಡಿದೆ.

“ಬಾಬಿನ್! ಬದುಕಿದ್ದೀಯೇನಯ್ಯಾ?” ನಿಜಕ್ಕೂ ಖುಷಿಪಟ್ಟ. ಅದೇ ಹೊಟ್ಟೆ ಉರಿಸಿತು.

“ಆ ಕಥೆ ತೆಗಿ.”

“ಎಂಟು ಲಕ್ಷ ಜನ ನೋಡಿದ್ದಾರೆ ಮಾರಾಯ. ನಿನ್ನ ಬ್ಲಾಗು ಎಷ್ಟು ಜನ ಓದ್ತಿದ್ರು?”

“ಹದಿನಾಲ್ಕು.”

“ಅದ್ರಲ್ಲಿ ಒಬ್ಬ ನಾನು. ಹದಿಮೂರು ಅನ್ನು.” ನಕ್ಕ. “ನೀನು ಕೊಳೆಯಕ್ಕೆ ಬಿಟ್ಟಿದ್ದೆ, ನಾನು ಜೀವ ಕೊಟ್ಟೆ. ಹೆಸರು ಹೇಳಿಲ್ವಲ್ಲ?”

“ಅವಳು ನನ್ನ ತಂಗಿ ಕಣೋ.”

“ಕಟ್ಟುಕತೆ ಅನ್ಕೊಂಡಿದ್ದೆ...” ಆಮೇಲೆ ಗಂಟಲು ಸರಿಮಾಡಿಕೊಂಡು, “ಈಗ ತೆಗೆದ್ರೆ ಯಾಕೆ ಅಂತ ಕೇಳ್ತಾರೆ. ಸ್ವಲ್ಪ ದಿನ ಬಿಡು, ತಾವೇ ಮರೀತಾರೆ.”

ನಾಲ್ಕು ವರ್ಷ ನನ್ನ ಒಂದೊಂದು ಸಾಲನ್ನೂ ಓದಿದವನು. ಫೋನು ಇಟ್ಟೆ.

ಮಾರ್ಚ್ 8

ಕೆಲಸ ಕೈಗೆ ಹತ್ತುತ್ತಿಲ್ಲ. ಆ ಹನ್ನೊಂದು ದಿನ ಚಿಕ್ಕಮ್ಮನ ಮನೆಯಲ್ಲಿದ್ದೆ ಎಂದು ತಂಗಿ ಗಂಡನ ಮನೆಯಲ್ಲಿ ಹೇಳಿದ್ದಾಳೆ. ಚಿಕ್ಕಮ್ಮ ಸಾಯುವವರೆಗೂ ಹೌದು ಹೌದು ಎಂದಳು. ಹೊಲಿಗೆ ಶಾಲೆಯ ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ. ತಂಗಿಯೇ ನಂಬಿ ಹೇಳಿದ್ದಳು. ಅವಳು ವೀಡಿಯೊ ನೋಡುವವಳಲ್ಲ. ಆ ಮನೆಯಲ್ಲಿ ಯಾರೂ ನೋಡದಿದ್ದರೆ ಸಾಕು.

ಮಾರ್ಚ್ 15

ತಂಗಿ ಅಂಗಡಿಗೆ ಬಂದಳು. ಸ್ಟೂಲು ಎಳೆದುಕೊಟ್ಟೆ. ಕೂರಲಿಲ್ಲ.

“ಅತ್ತೆ ನೋಡಿದ್ರು,” ಎಂದಳು. “ಚಿಕ್ಕಮ್ಮನ ಮನೇಲಿ ಎಷ್ಟು ದಿನ ಇದ್ದೆ ಅಂದ್ರು. ಹನ್ನೊಂದು ಅಂದೆ. ಅಷ್ಟೇ. ನಾಲ್ಕು ದಿನ ಆಯ್ತು, ಮನೇಲಿ ಒಬ್ಬರೂ ನನ್ನ ಹತ್ರ ಮಾತಾಡ್ತಿಲ್ಲ. ಅವರೂ ಕೂಡ.” ಅವರು ಅಂದರೆ ಗಂಡ.

ಗೂಬೆ ಕದ್ದ ಅಂದೆ. ಟೈಫಾಯಿಡ್, ಪಾಸ್‌ವರ್ಡ್, ಎಲ್ಲ ಒಂದೇ ಉಸಿರಲ್ಲಿ ಹೇಳಿದೆ.

“ಆ ಗೂಬೆ ಯಾರೋ ನಂಗೇನು ಗೊತ್ತು? ನಾನು ಹೇಳಿದ್ದು ನಿಂಗೆ. ಬರೆದಿದ್ದು ನೀನಾ?”

“ಯಾರೂ ಓದಬಾರದು ಅಂತಲೇ ಇಟ್ಟಿದ್ದೆ ಕಣೇ.”

“ಯಾರೂ ಓದಬಾರದು ಅಂದ್ಮೇಲೆ ಸುಳ್ಳು ಯಾಕಣ್ಣಾ ಬರೆದೆ?”

“ಯಾವ ಸುಳ್ಳು?”

“ಅಣ್ಣನಿಗೆ ಒಂದು ಮಾತು ತಿಳಿಸಿದ್ರೆ ಓಡಿ ಬರ್ತಿದ್ದ, ಪಾಪ ಅವನಿಗೆ ಗೊತ್ತೇ ಆಗಲಿಲ್ಲ ಅಂತ ವೀಡಿಯೊದವನು ಹೇಳ್ತಾನಲ್ಲ ಕೊನೇಲಿ. ಅದು ಅವನು ಸೇರಿಸಿದ್ದಾ?”

ಇಲ್ಲ. ಅದೂ ನನ್ನದೇ.

ಬಿಚ್ಚಿಟ್ಟ ಮೆಷಿನ್ ಕಡೆ ತಿರುಗಿದೆ. ಅವಳಿಗೆ ಗೊತ್ತಾಯಿತು. ಬಿಸಿಲಿಗೆ ಇಳಿದು ಹೋದಳು.

ಮಾರ್ಚ್ 19

ಹಳೆಯ ಬ್ಲಾಗು ತೆರೆದೆ. ಡ್ರಾಫ್ಟು ಹಾಗೇ ಇದೆ. ಅಳಿಸಬೇಕೆಂದೇ ಹೋದವನು. ಆದರೆ ಇದನ್ನು ಅಳಿಸಿದರೆ ಗೂಬೆಯ ಬಾಯಲ್ಲಿರುವ ಆ ಒಳ್ಳೆಯ ಅಣ್ಣನೇ ಉಳಿಯುತ್ತಾನೆ. ಕೊನೆಯ ವಾಕ್ಯ ಮಾತ್ರ ತೆಗೆದೆ. ಆ ಜಾಗದಲ್ಲಿ ನಡೆದದ್ದು ಬರಬೇಕು. ಬರೆದು ಮೊದಲು ತಂಗಿಗೆ ಓದಿಹೇಳಬೇಕು, ಕೇಳಿಸಿಕೊಂಡರೆ. ಇಲ್ಲಿ ಬರೆದು ನೋಡುತ್ತೇನೆ —

ಹೊಲಿಗೆ ಶಾಲೆಗಿಂತ ಮೊದಲು ಅವಳು ನನ್ನ ಮನೆಗೇ ಬಂದಳು. ಮುಸ್ಸಂಜೆ. ಸೊಂಟದ ಮೇಲೆ ಮೆಷಿನ್ನಿನ ತಲೆ. “ಅಣ್ಣಾ, ನಾಲ್ಕು ದಿನ ಇರ್ಲಾ?” ಎಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅವಳ ಭಾರ ಇಸಿದುಕೊಳ್ಳಲಿಲ್ಲ. ನಾನು ಹೇಳಿದ್ದು —