ಕಟ್ ಮಾಡಿದ್ದು ನಾನಲ್ಲ

ಅರಂತೋಡು
14-9-2024

ಪ್ರೀತಿಯ ಮಗಳು ದೀಪ್ತಿಗೆ ಅವ್ವನ ಆಶೀರ್ವಾದಗಳು.

ಹೇಗಿದ್ದಿ? ಊಟ ಸರಿ ಮಾಡ್ತಿದ್ದಿಯಾ? ತುಟಿಯ ಬಾವು ಇಳಿಯಿತಾ? ಅವತ್ತು ಹಲ್ಲುನೋವು ಅಂದೆ. ಹಲ್ಲುನೋವಿಗೆ ತುಟಿ ಹಾಗೆ ಒಡೆಯುದಿಲ್ಲ ಮಗಳೇ, ಅಷ್ಟು ನನಗೂ ಗೊತ್ತುಂಟು. ಇಲ್ಲಿ ನಾವು ಸೌಖ್ಯ ಅಂತ ಬರೆಯಬೇಕು, ಬರೆದಿದ್ದೇನೆ. ಫೋನ್ ಮಾಡಿದರೆ ನಿನ್ನ ಗಂಡನೇ ಎತ್ತುದು, ನೀನು ಮಲಗಿದ್ದಿ ಅಂತ ಹೇಳುದು. ಒಬ್ಬ ಮನುಷ್ಯ ಎಷ್ಟು ಅಂತ ಮಲಗುದು? ಅದಕ್ಕೇ ಈ ಕಾಗದ. ಪುಣೆಗೆ ಲಾರಿ ಓಡಿಸುವ ನಮ್ಮ ಅಲಿ ಕುಂಞಿ, ನಿನ್ನ ಗಂಡ ಡ್ಯೂಟಿಗೆ ಹೋದ ಮೇಲೆ ಬಂದು ಇದನ್ನು ನಿನ್ನ ಕೈಯಲ್ಲೇ ಕೊಡ್ತಾರೆ.

ಈಗ ಲ್ಯಾಪ್‌ಟಾಪಿನ ವಿಷಯ. ನನ್ನದು ಬಟನ್ ಫೋನು, ವೀಡಿಯೋ ಕಾಲಿನಲ್ಲಿ ಅವ್ವನಿಗೆ ಮುಖ ದೊಡ್ಡದಾಗಿ ಕಾಣಲಿ ಅಂತ ನಿನ್ನ ಕಾಲೇಜಿನದ್ದನ್ನು ಬಿಟ್ಟು ಹೋದೆಯಲ್ಲ, ಅದು. ಮಳೆ, ದನ, ಸಾರು ಅಂತ ಮಾತಾಡುವಷ್ಟು ಹೊತ್ತು ಸರಿ ಇರುದು. ನೀನು ಧೈರ್ಯ ಮಾಡಿ "ಅವ್ವಾ, ಒಂದು ಹೇಳ್ಲಿಕ್ಕುಂಟು" ಅನ್ನುವಷ್ಟರಲ್ಲಿ ಅದು ಕಾದು ಹೋಗಿ ಟಪ್ಪ ಆಫ್. ಪ್ರತಿ ಸಲವೂ ಹಾಗೆಯೇ ಆಯಿತು. ಅಡಿ ಮುಟ್ಟಿದರೆ ದೋಸೆ ಕಾವಲಿ. ಕರೆಂಟು ಸರಿ ಇಲ್ಲ ಅಂದುಕೊಂಡೆವು, ಚಾರ್ಜರ್ ಬದಲಿಸಿದೆವು, ಜಗಲಿಗೆ ತಂದೆವು. ಕೊನೆಗೆ ನಿನ್ನ ಅಪ್ಪ ಮೊರ ಹಿಡಿದು ಗಾಳಿ ಹಾಕಿದರು. ನಗಬೇಡ. ಆಮೇಲೆ ಅದು ಆನ್ ಆಗುದನ್ನೇ ಬಿಟ್ಟಿತು.

ಸುಳ್ಯದಲ್ಲಿ ರಿಪೇರಿ ಮಾಡುವ ಅಫ್ರೀದ್ ಅದನ್ನು ಬಿಚ್ಚಿ, ಒಳಗಿನ ಫ್ಯಾನ್ ತೋರಿಸಿದ. ತಿರುಗಲಿಕ್ಕೇ ಜಾಗ ಇಲ್ಲ, ಅಂಟು ಅಂಟು ಮಸಿ. ಎಲ್ಲಿ ಇಡುದು ನೀವು ಇದನ್ನು ಅಂತ ಕೇಳಿದ. ಮಳೆಗಾಲದಲ್ಲಿ ಬೂಷ್ಟು ಹಿಡಿದೀತು ಅಂತ ನಾನು ಒಲೆಯ ಮೇಲಿನ ಅಟ್ಟದಲ್ಲಿ, ಒಣಮೀನಿನ ಡಬ್ಬಿಯ ಹತ್ತಿರ ಇಡ್ತಿದ್ದೆ. ಬೆಚ್ಚಗೆ ಇರಲಿ ಅಂತ. ನಿನ್ನ ವಸ್ತು ಅಂತ. ಹೊಗೆ ಕುಡಿದು ಕುಡಿದು ಅದಕ್ಕೆ ಉಸಿರು ಕಟ್ಟಿತ್ತು. ಅಂಗಡಿಯಲ್ಲಿ ನಾಚಿಕೆಯಿಂದ ತಲೆ ಎತ್ತಲಿಲ್ಲ ನಾನು.

ತೊಳೆದು ಒರೆಸಿ ಮೊನ್ನೆ ಕೊಟ್ಟ. ಮನೆಗೆ ತಂದು ಆನ್ ಮಾಡಿದರೆ, ಅದು ಅಂಗಡಿಯಲ್ಲಿದ್ದಾಗ ನೀನು ಕಳಿಸಿದ ಮೆಸೇಜು ಬಂತು: "ನೀನೂ ಕಟ್ ಮಾಡಿದೆಯಲ್ಲ ಅವ್ವಾ. ಇನ್ನು ನಾನು ಯಾರಿಗೆ ಹೇಳುದು?"

ದೀಪ್ತಿ, ನಾನು ಕಟ್ ಮಾಡಿದ್ದಲ್ಲ. ದೇವರಾಣೆ ಅಲ್ಲ. ಎಷ್ಟು ಸಲ ವಾಪಸ್ ಫೋನ್ ಮಾಡಿದೆ, ಎತ್ತಿದ್ದು ನಿನ್ನ ಗಂಡನೇ. ಕೇಳಲಿಕ್ಕೆ ಮನಸ್ಸಿಲ್ಲದೆ ಅವ್ವ ಆಫ್ ಮಾಡಿದಳು ಅಂತ ನೀನು ಆ ಮನೆಯಲ್ಲಿ ಒಬ್ಬಳೇ ಕೂತು ನೆನೆಸಿದ್ದಿಯಲ್ಲ, ಅದು ಸುಳ್ಳು ಮಗಳೇ. ಅಪ್ಪನೂ ಓದಿದರು. ಓದಿ ಎದ್ದು ಹೋಗಿ ದನದ ಹಟ್ಟಿಯಲ್ಲಿ ನಿಂತರು, ಊಟಕ್ಕೆ ಬರಲಿಲ್ಲ. ಹೊಂದಿಕೊಂಡು ಹೋಗು ಅಂತ ಈ ಮನೆಯಲ್ಲಿ ಯಾರೂ ಹೇಳುದಿಲ್ಲ. ನಿನ್ನ ಮಾತು ಪೂರಾ ಕೇಳಬೇಕು ನನಗೆ, ಒಂದೂ ಬಿಡದೆ.

ಸುಬ್ರಹ್ಮಣ್ಯ ದೇವರು ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಸೇವಂತಿ

ತಾ.ಕ.: ಲಾರಿ ಬಂತು, ಹಾರ್ನ್ ಹಾಕ್ತಾ ಉಂಟು. ಅಪ್ಪನೂ ಅದರಲ್ಲೇ ಹೊರಟಿದ್ದಾರೆ. ನೀನು ಇದನ್ನು ಓದುವಾಗ ಅವರು ನಿನ್ನ ಬಿಲ್ಡಿಂಗಿನ ಕೆಳಗೆ ಕೂತಿರ್ತಾರೆ. ಮೊಣಕಾಲು ನೋವು, ನಾಲ್ಕು ಮಾಳಿಗೆ ಹತ್ತಲಿಕ್ಕೆ ಆಗುದಿಲ್ಲ. ಬಟ್ಟೆ ತುಂಬಿಸ್ತಾ ನಿಲ್ಲಬೇಡ. ಅವನಿಗೆ ಫೋನ್ ಮಾಡಬೇಡ. ಚಪ್ಪಲಿ ಹಾಕಿಕೊಂಡು ಇಳಿ.